ಗೋಡೆಯ ಮೇಲಿನ ಎರಡನೇ ಕೀಲಿಕೈ

ಆ ಮನೆಯಲ್ಲಿ ದೇವರೂ, ದೇವರಿಲ್ಲ ಅನ್ನೋದೂ ಒಂದೇ ತಟ್ಟೆಯಲ್ಲಿ ಉಣ್ಣುತ್ತವೆ ಅಂತ ಬೀದಿಯವರು ನಗಾಡುತ್ತಿದ್ದರು. ಬೀಗದಯ್ಯ ಬೆಳಗಾಗೆದ್ದು ಅಂಗಡಿಯ ಬಾಗಿಲು ತೆರೆದು ದೇವರನ್ನು ಬೈಯಬೇಕು, ಒಳಗಿಂದ ಅವನ ಹೆಂಡತಿ ‘ಇಲ್ಲದೋನ ಮೇಲೆ ಯಾಕ್ರೀ ಇಷ್ಟೊಂದು ಸಿಟ್ಟು’ ಅನ್ನಬೇಕು, ಆಮೇಲೆಯೇ ಬೀದಿಗೆ ಬೆಳಗಾದ ಹಾಗೆ. ಅವಳಿಗೆ ಬೀದಿಯವರು ಇಟ್ಟಿದ್ದ ಹೆಸರು ಪ್ರಾರ್ಥನೆಯಮ್ಮ. ಎದುರು ಮಹಡಿಯ ದರ್ಜಿಯಂತೂ ಹೊಲಿಗೆ ಯಂತ್ರ ನಿಲ್ಲಿಸಿ, ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಕಿಟಕಿಯಿಂದ ಕತ್ತು ಚಾಚುತ್ತಿದ್ದ.

‘ಏನಣ್ಣ, ಇವತ್ತು ಯಾರು ಗೆದ್ರು?’

‘ಗೆಲ್ಲೋಕೆ ಎದುರಿಗೆ ಯಾರಾದ್ರೂ ಇರಬೇಕಲ್ಲಪ್ಪ. ನಾನು ಜಗಳಾಡ್ತಿರೋದು ಇಲ್ಲದೋನ ಜೊತೆ.’

‘ಅತ್ತಿಗೆ ಇದಾರಲ್ಲ?’

‘ಅವಳ ಹತ್ರ ಮದುವೆ ದಿನವೇ ಸೋತಾಗಿದೆ. ಒಂದು ಸಲ ಸೋತವನನ್ನ ದಿನಾ ಕೇಳ್ತೀಯಲ್ಲ, ನಿನಗೆ ಬೇರೆ ಕೆಲಸ ಇಲ್ವಾ?’

ಮಕ್ಕಳಿಲ್ಲದ ಮನೆ, ಮುದುಕ ಮುದುಕಿಗೆ ಹೊತ್ತು ಹೋಗಬೇಕಲ್ಲ ಅಂತ ಜನ ಅದನ್ನು ತಮಾಷೆಯ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದರು. ಆದರೆ ಅದು ತಮಾಷೆಯಾಗಿರಲಿಲ್ಲ. ಇಬ್ಬರಿಗೂ ಬೆನ್ನ ಹಿಂದೆ ಹೆಣಗಳಿದ್ದವು.

ಬೀಗದಯ್ಯನ ತಾಯಿಯ ತವರು ಕೆಳಬೀದಿ. ಕೆಳಬೀದಿಯವರು ದೇವರನ್ನು ಕರೆಯುವ ರೀತಿ ಮೇಲುಬೀದಿಯವರಂತಿರಲಿಲ್ಲ. ದೇವರು ಅದೇ, ಕೂಗುವ ಹೆಸರು ಬೇರೆ, ಕೂರುವ ದಿಕ್ಕು ಬೇರೆ, ಅಷ್ಟೇ. ಬೀಗದಯ್ಯ ಇನ್ನೂ ತಾಯಿಯ ಕಂಕುಳಲ್ಲಿದ್ದ ವರ್ಷ ಯಾರೋ ದೇವರಿಗೆ ಅವಮಾನ ಮಾಡಿದರಂತೆ ಅನ್ನುವ ಸುದ್ದಿ ಹಬ್ಬಿತು. ಯಾರು, ಏನು, ಎಲ್ಲಿ, ಒಬ್ಬರೂ ಕೇಳಲಿಲ್ಲ. ಮೇಲುಬೀದಿಯವರು ಪ್ರಾರ್ಥನೆ ಮುಗಿಸಿಕೊಂಡು ನೇರವಾಗಿ ಬಂದು ಕೆಳಬೀದಿಯವರನ್ನೆಲ್ಲ ಊರ ಕಣಜಕ್ಕೆ ತುಂಬಿ, ಬೀಗ ಹಾಕಿ, ಸಂಜೆಯಾಗುವ ಮುಂಚೆ ಬೆಂಕಿಯಿಟ್ಟರು. ಅವನ ಸೋದರಮಾವಂದಿರು, ಅಜ್ಜಿ, ಮದುವೆಯಾಗದ ಚಿಕ್ಕಮ್ಮ ಎಲ್ಲರೂ ಒಳಗಿದ್ದರು. ಮದುವೆಯಾಗಿ ಮೇಲುಬೀದಿಗೆ ಬಂದಿದ್ದಳೆಂದು ತಾಯಿಯೊಬ್ಬಳು ಉಳಿದಳು. ಆಮೇಲೆ ಅವಳು ಯಾವ ಪ್ರಾರ್ಥನೆಮನೆಯ ಮುಂದೂ ಹಾಯಲಿಲ್ಲ, ಸುತ್ತು ಬಳಸಿ ನೀರಿಗೆ ಹೋಗುತ್ತಿದ್ದಳು. ‘ಹಾಡ್ಕೊಂಡು ಬಂದ್ರು ಕಣೋ’ ಅಂತ ಮಗನಿಗೆ ಹೇಳುತ್ತಿದ್ದಳು. ‘ದೇವರ ಹಾಡು ಹಾಡ್ಕೊಂಡೇ ಬಂದ್ರು.’ ಅವಳು ಮಗನಿಗೆ ಬಿಟ್ಟುಹೋದ ಆಸ್ತಿ ಆ ಮಾತೊಂದೇ.

ಪ್ರಾರ್ಥನೆಯಮ್ಮನ ಕತೆ ಅದರ ತಲೆಕೆಳಗು. ಅವಳಪ್ಪ ಪ್ರಾರ್ಥನೆ ನಡೆಸುವವರು. ಕುಳ್ಳಗಿನ ಮನುಷ್ಯ, ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವವರು. ಅವಳು ಮದುವೆಯ ವಯಸ್ಸಿಗೆ ಬಂದ ಹೊತ್ತಿಗೆ ಸರ್ಕಾರ ಬದಲಾಯಿತು. ಹೊಸಬರು ದೇವರೇ ಇಲ್ಲ ಅಂದರು. ಇದ್ದಾನೆ ಅನ್ನುವವರು ಬಡವರ ಕಣ್ಣಿಗೆ ಮಣ್ಣೆರಚುವವರು ಅಂದರು. ಪ್ರಾರ್ಥನೆಮನೆ ಬಿಟ್ಟು ಏಳುವುದಿಲ್ಲ ಅಂತ ಕೂತ ಅವಳಪ್ಪನನ್ನೂ ಜೊತೆಗಿದ್ದವರನ್ನೂ ಚಳಿಗಾಲದಲ್ಲಿ ಅದೇ ಮನೆಯೊಳಗೆ ಕೂಡಿ ಬಾಗಿಲಿಗೆ ಬೀಗ ಜಡಿದರು. ಅನ್ನವಿಲ್ಲ, ನೀರಿಲ್ಲ, ಹೊದೆಯಲು ಬಟ್ಟೆಯಿಲ್ಲ. ‘ಕರೀರಿ ನಿಮ್ಮ ದೇವರನ್ನ, ಅವನೇ ಬಂದು ತೆಗೀತಾನೆ’ ಅಂತ ಕಾವಲಿನವರು ಬೆಂಕಿ ಕಾಯಿಸಿಕೊಳ್ಳುತ್ತ ನಗುತ್ತಿದ್ದರು. ಆ ನಗು ಅವಳ ಕಿವಿಯಿಂದ ಕೊನೆಯವರೆಗೂ ಹೋಗಲಿಲ್ಲ.

ಹೀಗಾಗಿ ಒಲೆಯ ಮುಂದೆ ಅವರಿಬ್ಬರ ಮಾತು ಹೀಗೆ ಸಾಗುತ್ತಿತ್ತು.

‘ಮೇಲೊಬ್ಬ ಇದಾನೆ, ನೋಡ್ತಾನೆ ಅನ್ನೋ ಹೆದರಿಕೆ ಇದ್ದಿದ್ರೆ ನಮ್ಮಪ್ಪನಿಗೆ ಹಾಗೆ ಮಾಡ್ತಿದ್ರೇನ್ರಿ?’

‘ನಮ್ಮ ಮಾವಂದಿರನ್ನ ಸುಟ್ಟೋರು ಅವನು ನೋಡ್ಲಿ ಅಂತಲೇ ಸುಟ್ಟಿದ್ದು. ನೋಡಿ ಮೆಚ್ಕೊಳ್ಳಲಿ ಅಂತ.’

‘ಅವರು ದೇವರನ್ನ ಅರ್ಥ ಮಾಡ್ಕೊಂಡಿರಲಿಲ್ಲ.’

‘ಹಾಗಾದ್ರೆ ನಿಮ್ಮಪ್ಪನ್ನ ಕೂಡಿಹಾಕಿದೋರು ದೇವರಿಲ್ಲ ಅನ್ನೋದನ್ನ ಅರ್ಥ ಮಾಡ್ಕೊಂಡಿರಲಿಲ್ಲ. ಆಯ್ತಾ? ಈರುಳ್ಳಿ ಸೀದು ಹೋಗ್ತಿದೆ ನೋಡು.’

ಒಮ್ಮೆ ಮಾತ್ರ ಅದು ಎಲ್ಲೆ ಮೀರಿತ್ತು. ಯಾವುದೋ ಸಿಟ್ಟಿನಲ್ಲಿ ಅವಳು, ‘ನಿಮ್ಮೋರು ಒಂದೇ ಸಂಜೆಗೆ ಹೋದ್ರು, ನಮ್ಮಪ್ಪ ಎಷ್ಟು ದಿನ ನರಳಿದ್ರೋ’ ಅಂದುಬಿಟ್ಟಳು. ಸತ್ತವರನ್ನು ತಕ್ಕಡಿಯಲ್ಲಿಟ್ಟು ತೂಗಿದ ಹಾಗಾಯಿತು. ಅವನು ಕೈಯಲ್ಲಿದ್ದ ಲೋಟ ಕೆಳಗಿಟ್ಟು ಅಂಗಡಿಗೆ ಹೋದ. ಬೀಗದ ಮೇಲೆ ಅರ ಉಜ್ಜುವ ಸದ್ದು ಆ ದಿನವೆಲ್ಲ ನಿಲ್ಲಲಿಲ್ಲ. ಅವಳು ಕ್ಷಮೆ ಕೇಳಲಿಲ್ಲ, ಅವನು ಎತ್ತಿ ಆಡಲಿಲ್ಲ. ವಾರ ಕಳೆದ ಮೇಲೆ ಅವನೇ ಬಂದು ‘ನಿನ್ನ ದೇವರು ಇವತ್ತು ಚಹಾಗೆ ಸಕ್ಕರೆ ಹಾಕೋಕೆ ಮರೆಸಿದಾನೆ’ ಅಂದಾಗ ಇಬ್ಬರ ಉಸಿರೂ ಸಡಿಲಾಯಿತು.

ಇಷ್ಟೆಲ್ಲ ಆಡುತ್ತಿದ್ದವರು ಒಂದು ವಿಷಯವನ್ನು ಮಾತ್ರ ಒಂದು ದಿನವೂ ಬಾಯಿಗೆ ತರಲಿಲ್ಲ. ಅದು ಅಂಗಡಿಯ ಗೋಡೆ.

ಮನೆಯ ಮುಂಭಾಗವೇ ಅಂಗಡಿ. ಒಂದು ಮರದ ಮೇಜು, ಅದರ ಅಂಚಿಗೆ ಬಿಗಿದ, ಕಬ್ಬಿಣದ ತುಂಡನ್ನು ಕಚ್ಚಿ ಹಿಡಿಯುವ ಹಿಡಿಕಟ್ಟು, ಗಾತ್ರಕ್ಕೊಂದರಂತೆ ಅರಗಳು, ಎಣ್ಣೆಯಲ್ಲಿ ನೆಂದು ಕಪ್ಪಾದ ಬಟ್ಟೆ. ಮೇಜಿನ ಹಿಂದಿನ ಗೋಡೆಯ ತುಂಬ ಮೊಳೆ, ಮೊಳೆಗೊಂದು ಕೀಲಿಕೈ. ಊರಿಗೆಲ್ಲ ಇದ್ದದ್ದು ಅದೊಂದೇ ಬೀಗದಂಗಡಿ. ಬೀಗ ಕೊಂಡವರಿಗೆ ಒಂದು ಕೀಲಿಕೈ ಕೊಟ್ಟು ಎರಡನೆಯದನ್ನು ಗೋಡೆಗೆ ನೇತುಹಾಕುವುದು ತಾತನ ಕಾಲದಿಂದ ನಡೆದು ಬಂದ ಪದ್ಧತಿ. ಯಾರಾದರೂ ಕೀಲಿಕೈ ಕಳೆದುಕೊಂಡರೆ ಬಾಗಿಲು ಒಡೆಯಬೇಕಾಗಿಲ್ಲ, ಬಂದು ಎರಡನೆಯದನ್ನು ಒಯ್ಯಬಹುದು. ಆದರೆ ಬೀಗ ಕೊಂಡವರೇ ಬರಬೇಕು. ಹೆಂಡತಿ ಬಂದರೂ ಇಲ್ಲ, ಮಗ ಬಂದರೂ ಇಲ್ಲ. ಒಮ್ಮೆ ಒಬ್ಬ ಅಳಿಯ, ಮಾವನಿಗೆ ಹುಷಾರಿಲ್ಲ ಪೆಟ್ಟಿಗೆಯ ಕೀಲಿಕೈ ಕೊಡಿ ಅಂತ ಕಣ್ಣಲ್ಲಿ ನೀರು ತಂದುಕೊಂಡು ಬಂದಿದ್ದ. ಅವನ ಹಿಂದೆಯೇ ಮಾವ ಕಲ್ಲುಗುಂಡಿನ ಹಾಗೆ ಬೀದಿಯಲ್ಲಿ ನಡೆದು ಬಂದಿದ್ದರು. ಆ ಕತೆ ಹೇಳಿ ಹೇಳಿ ಊರು ನಕ್ಕಿತ್ತು, ನಕ್ಕು ಅಂಗಡಿಯನ್ನು ನಂಬಿತ್ತು. ಮನೆಯೊಳಗಿನ ಗುಟ್ಟುಗಳನ್ನೆಲ್ಲ ಜನ ಆ ಗೋಡೆಯ ಮೇಲಿನ ಭರವಸೆಯಲ್ಲೇ ಬಿಟ್ಟು ನಿದ್ದೆ ಹೋಗುತ್ತಿದ್ದರು.

‘ಬೀಗ ಕೊಂಡೋರು ಬರಬೇಕಮ್ಮ.’ ಬೀಗದಯ್ಯನ ತಂದೆ ಆ ಮಾತನ್ನು ಎಂದೂ ಗಡುಸಾಗಿ ಹೇಳಿದವರಲ್ಲ. ಮೆತ್ತಗೆ, ಬೇಜಾರಿನಿಂದ, ಕೈಯಲ್ಲಿದ್ದ ಕೆಲಸದಿಂದ ಕಣ್ಣೆತ್ತದೆ ಹೇಳುತ್ತಿದ್ದರು. ಪ್ರಾರ್ಥನೆಯಮ್ಮನಿಗೆ ಅದು ಚೆನ್ನಾಗಿ ನೆನಪಿತ್ತು, ಯಾಕೆಂದರೆ ಅವರು ಅವಳಿಗೂ ಹಾಗೆಯೇ ಹೇಳಿದ್ದರು. ಅವಳೂ ಅವಳಮ್ಮನೂ ಚಳಿಯಲ್ಲಿ ಆ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದರು. ಹೊಸಬರು ಪ್ರಾರ್ಥನೆಮನೆಗೆ ಜಡಿದ ಬೀಗದ ಎರಡನೇ ಕೀಲಿಕೈ ಗೋಡೆಯ ಮೇಲಿದೆ ಎಂಬುದು ಯಾರಿಗೂ ತಿಳಿಯದ ಸಂಗತಿಯಲ್ಲ. ಅಮ್ಮ ಸೆರಗು ಒಡ್ಡಿ ಬೇಡಿದರು. ಹಿರಿಯರು ಹಿಡಿಕಟ್ಟಿನಲ್ಲಿದ್ದ ತುಂಡಿನ ಮೇಲೆ ಅರ ಆಡಿಸುತ್ತ, ‘ಬೀಗ ಕೊಂಡೋರು ಬರಬೇಕಮ್ಮ, ನಾನೇನು ಮಾಡಲಿ’ ಅಂದರು. ಅವರ ಪಕ್ಕದಲ್ಲಿ ಒಬ್ಬ ಹುಡುಗ ನಿಂತಿದ್ದ, ಆಗಷ್ಟೇ ಮೀಸೆ ಮೂಡಿದವನು. ಅವನು ಅವಳನ್ನು ನೋಡಿದ, ಗೋಡೆಯನ್ನು ನೋಡಿದ, ತಲೆ ತಗ್ಗಿಸಿದ.

ಕಾವಲಿನವರು ಬೇರೆ ಊರಿಗೆ ಹೊರಟುಹೋದ ಮಧ್ಯಾಹ್ನ ಅವನು ತಂದೆಗೆ ಹೇಳದೆ ಆ ಕೀಲಿಕೈ ತೆಗೆದುಕೊಂಡು ಬಂದು ಬಾಗಿಲು ತೆಗೆದ. ಬಾಗಿಲು ಸುಲಭಕ್ಕೆ ಸರಿಯಲಿಲ್ಲ. ಒಳಗಿದ್ದವರೆಲ್ಲ ಬಾಗಿಲ ಹತ್ತಿರವೇ ಇದ್ದರು. ಅವಳಪ್ಪನನ್ನು ಅವನೇ ಎತ್ತಿಕೊಂಡು ಬಂದು ಅವಳ ಮನೆಯ ಜಗಲಿಯ ಮೇಲೆ ಮಲಗಿಸಿದ. ಅವರ ಹಣೆಯ ಮೇಲೆ ಕನ್ನಡಕ ಹಾಗೆಯೇ ಇತ್ತು.

ಮುಂದೆ ಅವಳು ಅವನನ್ನೇ ಮದುವೆಯಾಗುತ್ತೇನೆ ಅಂದಾಗ ನೆಂಟರಿಷ್ಟರೆಲ್ಲ ಹೌಹಾರಿದರು. ದೇವರನ್ನು ನಂಬದ ಮನೆ, ಅದೂ ಆ ಗೋಡೆಯ ಮನೆ. ‘ಅವನು ಬಾಗಿಲು ತೆಗೆದ’ ಅಂದಳು ಅವಳು.

‘ತಡವಾಗಿ ತೆಗೆದ’ ಅಂದರು ಅಮ್ಮ.

‘ಉಳಿದೋರು ತಡವಾಗಿಯೂ ಬರಲಿಲ್ಲವಲ್ಲಮ್ಮ.’

ಹಾಗೆ ಆ ಮನೆಗೆ ಬಂದಳು. ಮಾವನವರಿಗೆ ಕೊನೆಯವರೆಗೂ ಗಂಜಿ ಕುಡಿಸಿದಳು, ಕಾಲು ಒತ್ತಿದಳು, ಬೈಯಲಿಲ್ಲ. ಅವರೂ ಸೊಸೆಯನ್ನು ಒಳ್ಳೆಯ ಮಾತಿನಿಂದಲೇ ಕಂಡರು. ಸಾಯುವ ಮುಂಚೆ ಮಗನನ್ನು ಕರೆದು ಹೇಳಿದ್ದು ಗೋಡೆಯ ವಿಷಯ: ‘ಆ ಒಂದು ನೇಮ ಬಿಡಬೇಡ. ಅದು ಹೋದ್ರೆ ಊರಿಗೆ ನಮ್ಮ ಮೇಲೆ ನಂಬಿಕೆ ಹೋಗುತ್ತೆ.’ ಮಗ ಆಗಲಿ ಅಂದ. ದೇವರಿಲ್ಲ ಎಂದು ಅಷ್ಟು ಜೋರಾಗಿ ಹೇಳುವ ಗಂಡ ಆ ನೇಮವನ್ನು ಮಾತ್ರ ಎಷ್ಟು ಭಕ್ತಿಯಿಂದ ನಡೆಸುತ್ತಾನೆ ಎಂದು ಅವಳಿಗೆ ಆಗಾಗ ಅನ್ನಿಸುತ್ತಿತ್ತು. ಹೇಳುತ್ತಿರಲಿಲ್ಲ. ಹೇಳಬಹುದಾದ ಇನ್ನೊಂದು ಮಾತಿತ್ತಲ್ಲ, ದೇವರದ್ದು. ಅದನ್ನೇ ಹೇಳುತ್ತಿದ್ದಳು.

ವರ್ಷಗಳು ಹೋದವು. ಸರ್ಕಾರ ಮತ್ತೆ ಬದಲಾಯಿತು. ಪ್ರಾರ್ಥನೆಮನೆಯ ಬಾಗಿಲು ತೆರೆಯಿತು, ಬೇಕಾದವರು ಹೋದರು, ಬೇಡದವರು ಬಿಟ್ಟರು. ದರ್ಜಿ ವಾರವಾರ ತಪ್ಪದೆ ಹೋಗುತ್ತಿದ್ದ. ಮೂಲೆಯ ಬ್ರೆಡ್ಡಿನಂಗಡಿಯವನು ಅವನನ್ನು ಕಂಡು ‘ಹೋಗಿ ಬಾ, ನನ್ನದೂ ಒಂದು ಅರ್ಜಿ ಕೊಡು’ ಅಂತ ಕಿಚಾಯಿಸುತ್ತಿದ್ದ. ಇಬ್ಬರೂ ಸಂಜೆ ಒಟ್ಟಿಗೆ ಕೂತು ಬೀಡಿ ಸೇದುತ್ತಿದ್ದರು. ಇನ್ನು ಅಂಥದ್ದೆಲ್ಲ ಆಗುವುದಿಲ್ಲ ಎಂದು ಜನ ಅಂದುಕೊಂಡರು.

ಹೊಳೆಯಾಚೆ ಡೇರೆ ಹಾಕಿಕೊಂಡವರು ಬಂದದ್ದು ಆ ಕಾಲಕ್ಕೆ. ಅವರ ಕಡೆ ಏನೋ ಯುದ್ಧ, ಊರು ಬಿಟ್ಟು ಬಂದಿದ್ದರು. ಪಾತ್ರೆ ತಿಕ್ಕುವುದು, ಮೂಟೆ ಹೊರುವುದು, ಕರೆದ ಕೆಲಸಕ್ಕೆ ಬರುತ್ತಿದ್ದರು. ಆ ವರ್ಷ ಬಾವಿಯ ನೀರು ಕೆಟ್ಟು ಊರಿನ ಮಕ್ಕಳಿಗೆ ವಾಂತಿಭೇದಿ ಶುರುವಾಯಿತು, ಎರಡು ಮನೆಯಲ್ಲಿ ಸಾವೂ ಆಯಿತು. ಡೇರೆಯವರೇ ನೀರಿಗೆ ಏನೋ ಹಾಕಿದ್ದಾರೆ ಅನ್ನುವ ಮಾತು ಎಲ್ಲಿಂದ ಹುಟ್ಟಿತೋ, ದರ್ಜಿಯ ಬಾಯಲ್ಲೂ ಬಂತು, ಬ್ರೆಡ್ಡಿನವನ ಬಾಯಲ್ಲೂ ಬಂತು. ಈ ವಿಷಯದಲ್ಲಿ ದೇವರಿರುವವನಿಗೂ ಇಲ್ಲದವನಿಗೂ ಭೇದವಿರಲಿಲ್ಲ.

ಅಧಿಕಾರಿ ಅಂಗಡಿಗೆ ಬಂದದ್ದು ಒಂದು ಬೆಳಿಗ್ಗೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ ಸಭ್ಯ ಮನುಷ್ಯ.

‘ಅಯ್ಯನವರೇ, ಮಂಡಿನೋವು ಹೇಗಿದೆ?’

‘ಮಂಡಿಯೇ ನನ್ನನ್ನ ಕೇಳಬೇಕು, ನೀನು ಹೇಗಿದೀಯ ಅಂತ. ಯಜಮಾನಿಕೆ ಅದರದ್ದೇ.’

ಅಧಿಕಾರಿ ನಕ್ಕ. ರೈಲು ಹಳಿಯ ಪಕ್ಕದ ತೊಗಲಿನ ಗೋದಾಮಿಗೆ ಒಂದು ದೊಡ್ಡ ಬೀಗ ಬೇಕಾಗಿತ್ತು. ‘ಗಟ್ಟಿಯಿರಲಿ. ಒಳಗಿಂದ ತಳ್ಳಿದ್ರೆ ಜಗ್ಗಬಾರದು’ ಅಂದ.

ಒಳಗೆ ಅಕ್ಕಿ ಆರಿಸುತ್ತಿದ್ದ ಪ್ರಾರ್ಥನೆಯಮ್ಮನ ಕೈ ನಿಂತಿತು. ಬೀಗ ಕೊಳ್ಳಲು ಬಂದವರು ಹೊರಗಿಂದ ಒಡೆಯಬಾರದು ಅನ್ನುವುದನ್ನು ಅವಳು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದಳು. ಒಳಗಿಂದ ಅನ್ನುವ ಮಾತು ಕೇಳಿರಲಿಲ್ಲ. ಅಧಿಕಾರಿ ಹೋದ ಮೇಲೆ ಬಾಗಿಲಿಗೆ ಬಂದು ನಿಂತಳು.

‘ಅವರು ಒಳಗಿಂದ ಅಂದ್ರಲ್ಲ?’

‘ತೊಗಲಿನ ಮೂಟೆ ಜರುಗಿ ಬಾಗಿಲಿಗೆ ಒತ್ತುತ್ತೆ. ಅದಕ್ಕೆ.’

‘ಹಾಗಂತ ಅವರು ಹೇಳಿದ್ರಾ?’

‘ಹೇಳಬೇಕಾ? ಬಾಗಿಲ ಹಿಂದೆ ಏನಿದೆ ಅಂತ ಕೇಳೋದು ನಮ್ಮ ಕೆಲಸ ಅಲ್ಲ.’

ಅವನು ಆ ಬೀಗವನ್ನು ಮನಸ್ಸಿಟ್ಟು ಮಾಡಿದ. ಮುದಿ ಕೈ ನಡುಗುತ್ತಿದ್ದರೂ ಅರ ಹಿಡಿದಾಗ ನಡುಗುತ್ತಿರಲಿಲ್ಲ. ಹೆಬ್ಬೆರಳಿನಷ್ಟು ದಪ್ಪದ ಕೊಂಡಿ, ಮೂರು ಹಲ್ಲಿನ ಕೀಲಿಕೈ. ಮುಗಿದ ದಿನ ಬೀಗವನ್ನು ಮೇಜಿನ ಮೇಲಿಟ್ಟು ತಿರುಗಿಸಿ ತಿರುಗಿಸಿ ನೋಡಿದ, ಅಪ್ಪ ಇದ್ದಿದ್ದರೆ ಮೆಚ್ಚುತ್ತಿದ್ದ ಎಂಬಂತೆ. ಅಧಿಕಾರಿಯ ಆಳು ಬಂದು ಬೀಗವನ್ನೂ ಒಂದು ಕೀಲಿಕೈಯನ್ನೂ ಒಯ್ದ. ಎರಡನೆಯದು ಗೋಡೆಗೆ ಹೋಯಿತು.

ಡೇರೆಯವರನ್ನು ಕರೆತಂದದ್ದು ಹಾಡುಹಗಲಲ್ಲಿ. ಹಾಡಿರಲಿಲ್ಲ, ಬೈಗುಳವಿರಲಿಲ್ಲ. ರೈಲು ಬರುವವರೆಗೆ ಗೋದಾಮಿನಲ್ಲಿ ಇರಿಸುತ್ತೇವೆ, ಆಮೇಲೆ ಬೇರೆ ಕಡೆ ಕಳಿಸುತ್ತೇವೆ ಅಂತ ಅಧಿಕಾರಿ ಎಲ್ಲರಿಗೂ ಸಮಾಧಾನದಿಂದ ವಿವರಿಸುತ್ತಿದ್ದ. ಬೀದಿಯ ಎರಡೂ ಕಡೆ ಜನ ನಿಂತು ನೋಡಿದರು. ದರ್ಜಿ ಕಿಟಕಿಯಲ್ಲಿದ್ದ. ‘ಇನ್ನಾದ್ರೂ ನೀರು ಶುದ್ಧ ಆಗುತ್ತೆ ಬಿಡಿ ಅತ್ತಿಗೆ’ ಅಂದ. ಅವನು ಕೆಟ್ಟವನಾಗಿರಲಿಲ್ಲ. ಅವನ ಮೊಮ್ಮಗು ಆ ಭೇದಿಯಲ್ಲಿ ಬಡಕಲಾಗಿ ಮಲಗಿತ್ತು. ಪ್ರಾರ್ಥನೆಯಮ್ಮ ಒಳಗೆ ಬಂದಳು. ಗಂಡ ಮೇಜಿನ ಮುಂದೆ ಕೂತು ಒಂದು ಹಳೇ ಚಿಲಕಕ್ಕೆ ಎಣ್ಣೆ ಬಿಡುತ್ತಿದ್ದ. ಚಿಲಕ ತುಂಬಿ ಎಣ್ಣೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ರೈಲು ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಸುಡುಬಿಸಿಲು. ಗೋದಾಮಿಗೆ ತಗಡಿನ ಮಾಡು, ಕಿಟಕಿಯಿಲ್ಲ. ಹಳಿಯ ಕಡೆಯಿಂದ ಬಂದವರು ಒಳಗಿನ ಸದ್ದಿನ ವಿಷಯ ಮಾತಾಡಿದರು. ಆಮೇಲೆ ಆ ದಾರಿಯಲ್ಲಿ ಬರುವುದನ್ನೇ ಬಿಟ್ಟರು.

ಆ ಹೆಂಗಸು ಬಂದದ್ದು ಊಟದ ಹೊತ್ತಿಗೆ. ಡೇರೆಯವಳೇ. ಅವರನ್ನು ಹಿಡಿದು ತಂದ ದಿನ ಯಾರದೋ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳಂತೆ, ಹಾಗಾಗಿ ಹೊರಗುಳಿದಿದ್ದಳು. ಅವಳ ತಾಯಿಯೂ ಎರಡು ಮಕ್ಕಳೂ ಒಳಗಿದ್ದರು. ಮೆಟ್ಟಿಲ ಮೇಲೆ ನಿಂತು, ಮೇಜನ್ನು ಮುಟ್ಟದೆ, ಗೋಡೆಯ ಕಡೆ ಬೆರಳು ತೋರಿಸಿದಳು.

‘ಅಯ್ಯ, ಅದರ ಕೀಲಿಕೈ ಇಲ್ಲಿದೆ ಅಂದ್ರು. ನೀರು ಕೊಟ್ಟು ಬಂದ್ಬಿಡ್ತೀನಿ. ಮತ್ತೆ ಬೀಗ ಹಾಕ್ತೀನಿ ಬೇಕಾದ್ರೆ.’

ಒಳಗೆ ಒಲೆಯ ಮುಂದೆ ಸೌಟು ಹಿಡಿದು ನಿಂತಿದ್ದ ಪ್ರಾರ್ಥನೆಯಮ್ಮ ಅಂಗಡಿಯ ಕಡೆ ಕಿವಿಗೊಟ್ಟಳು.

‘ಬೀಗ ಕೊಂಡೋರು ಬರಬೇಕಮ್ಮ’ ಅಂದ ಬೀಗದಯ್ಯ. ಮೆತ್ತಗೆ, ಬೇಜಾರಿನಿಂದ, ಕಣ್ಣೆತ್ತದೆ.

ಅವನ ಬಾಯಿಂದ ಅದು ತಾನಾಗಿ ಬಂದಿತ್ತು. ಬಂದ ಮೇಲೆ ಅವನೇ ಬೆಚ್ಚಿದ, ಯಾರೋ ಹಿಂದೆ ನಿಂತು ಮಾತಾಡಿದರೇನೋ ಎಂಬಂತೆ ಒಮ್ಮೆ ತಿರುಗಿ ನೋಡಿದ. ಹಿಂದೆ ಗೋಡೆ ಇತ್ತು, ಅಷ್ಟೇ. ಹೆಂಗಸು ವಾದ ಮಾಡಲಿಲ್ಲ. ಹೋಗಲೂ ಇಲ್ಲ. ಮೆಟ್ಟಿಲ ಮೇಲೆ ಕೂತಳು.

ಪ್ರಾರ್ಥನೆಯಮ್ಮ ಒಂದು ತಂಬಿಗೆ ನೀರು ತಂದು ಅವಳ ಕೈಗಿತ್ತಳು. ಹೆಂಗಸು ಅದನ್ನು ಕುಡಿಯದೆ ಮಡಿಲಲ್ಲಿಟ್ಟುಕೊಂಡಳು. ಪ್ರಾರ್ಥನೆಯಮ್ಮ ಮೇಜಿನ ಈಚೆ, ಗಿರಾಕಿಗಳು ನಿಲ್ಲುವ ಜಾಗದಲ್ಲಿ ಗಂಡನಿಗೆ ಎದುರಾಗಿ ನಿಂತಳು.

‘ಈ ಮಾತು ನಾನು ಮೊದಲೊಂದು ಸಲ ಕೇಳಿದ್ದೆ. ಇದೇ ಜಾಗದಲ್ಲಿ ನಿಂತು.’

ಅವನು ಅರವನ್ನು ಕೆಳಗಿಟ್ಟ. ಆಮೇಲೆ, ‘ನಮ್ಮಮ್ಮನೂ ಕೇಳಿದ್ಲು’ ಅಂದ. ‘ಕಣಜದ ಬೀಗವೂ ನಮ್ಮದೇ. ನನ್ನನ್ನ ಕಂಕುಳಲ್ಲಿ ಎತ್ತಿಕೊಂಡು ಅಪ್ಪನ ಮುಂದೆ ನಿಂತಿದ್ಲಂತೆ. ಕಟ್ಟಿಕೊಂಡ ಹೆಂಡತಿಗೂ ಅಪ್ಪ ಅದನ್ನೇ ಹೇಳಿದ್ದು. ನಿನಗೆ ಇದನ್ನ ಹೇಳಿರಲಿಲ್ಲ.’

‘ಊರಲ್ಲಿ ಬೇರೆ ಬೀಗದಂಗಡಿ ಎಲ್ಲಿತ್ತು ರೀ? ನನಗೆ ಗೊತ್ತಿತ್ತು.’

‘ಗೊತ್ತಿದ್ದೂ ಕೇಳಲಿಲ್ಲ ನೀನು.’

‘ನೀವು ಹೇಳಲಿಲ್ಲ, ನಾನು ಕೇಳಲಿಲ್ಲ. ಇಬ್ಬರೂ ಸೇರಿ ದೇವರನ್ನ ಹಿಡ್ಕೊಂಡು ಎಳೆದಾಡಿದ್ವಿ.’

‘ಅಮ್ಮ ಸಾಯೋತನಕ ಹಾಡಿನ ಮಾತೇ ಆಡಿದ್ಲು. ಅಪ್ಪನ ಹೆಸರು ಎತ್ತಲಿಲ್ಲ. ಅವರ ತಟ್ಟೆಗೇ ಬಡಿಸಬೇಕಿತ್ತಲ್ಲ ಅವಳು, ಏನಂತ ಎತ್ತಾಳು?’ ಅವನು ಮುಖ ಒರೆಸಿಕೊಂಡ, ಕೈಯ ಎಣ್ಣೆ ಕೆನ್ನೆಗೆ ಹತ್ತಿತು. ‘ಹಾಡ್ಕೊಂಡು ಬಂದಿದ್ದು ಸುಳ್ಳಲ್ಲ ಕಣೆ. ಅವರು ಹಾಡಿದ್ದು ನಿಜ.’

‘ನಮ್ಮಪ್ಪನ್ನ ನೋಡಿ ನಕ್ಕಿದ್ದೂ ನಿಜ. ನಾನು ಯಾರನ್ನೂ ಬಿಟ್ಟುಕೊಡೋಲ್ಲ. ಮೇಲೊಬ್ಬ ಇದ್ರೆ ಅವನೇ ಕೇಳ್ಲಿ ಅವರನ್ನೆಲ್ಲ.’

‘ಇಲ್ದಿದ್ರೆ?’

‘ಇಲ್ದಿದ್ರೆ ನಾವೇ ಕೇಳಬೇಕು. ಈಗ ಬಂದಿರೋರು ಹಾಡಲೂ ಇಲ್ಲ, ನಗಲೂ ಇಲ್ಲ. ನಿಮ್ಮ ಮಂಡಿನೋವು ವಿಚಾರಿಸಿ ಹೋದ್ರು. ಅವರನ್ನ ಯಾವ ಕಡೆಗೆ ಸೇರಿಸ್ತೀರಿ? ನನ್ನ ಕಡೆಗಾ, ನಿಮ್ಮ ಕಡೆಗಾ?’

ಹೊರಗೆ ಹೆಂಗಸು ತಂಬಿಗೆಯ ನೀರಿನಲ್ಲಿ ಒಂದು ಬೆರಳು ಅದ್ದಿ ಒಣಗಿದ ತುಟಿಗೆ ಹಚ್ಚಿಕೊಳ್ಳುತ್ತಿದ್ದಳು. ಕುಡಿದರೆ ಒಳಗಿದ್ದವರಿಗೆ ಕಡಿಮೆಯಾದೀತು ಎಂಬಂತೆ.

ಅವನು ಮೇಲೆದ್ದ. ಮಂಡಿ ಎರಡು ಸಲ ಅವನನ್ನು ಕೂರಿಸಿತು, ಮೂರನೇ ಸಲ ಬಿಟ್ಟಿತು. ಗೋಡೆಯಿಂದ ಆ ದೊಡ್ಡ ಕೀಲಿಕೈ ತೆಗೆದು ಬೆಳಕಿಗೆ ಹಿಡಿದು ಹಲ್ಲುಗಳನ್ನು ನೋಡಿದ. ಎಣ್ಣೆ ಬಟ್ಟೆಯಿಂದ ಒರೆಸಿದ.

‘ನಾನೂ ಬರ್ತೀನಿ’ ಅಂದಳು ಅವಳು.

‘ನೀನು ಬಂದ್ರೆ ಅಂಗಡಿ ಯಾರು ನೋಡ್ತಾರೆ?’

‘ಅಲ್ಲಿ ಬಂದೂಕು ಹಿಡಿದೋರು ನಿಂತಿದಾರಂತೆ ರೀ.’

‘ಗೊತ್ತು. ಬೀಗ ಬಿಗಿಯಾಗಿದೆ ಅಂತೆ, ಎಣ್ಣೆ ಹಾಕಬೇಕು ಅಂತ ಹೇಳ್ತೀನಿ. ಬೀಗದೋನು ಬೀಗದ ಹತ್ರ ಬಂದ್ರೆ ಯಾರಿಗೆ ಅನುಮಾನ? ಅಪ್ಪ ಕೂಡಿಟ್ಟು ಹೋದ ನಂಬಿಕೆ ಇದೆಯಲ್ಲ, ಇವತ್ತು ಅದನ್ನೆಲ್ಲ ಖರ್ಚು ಮಾಡಿಬಿಡ್ತೀನಿ.’

ಇಲ್ಲಿ ಒಂದು ಮಾತು ಮುಂಚೆಯೇ ಹೇಳಿಬಿಡುವುದು ಒಳ್ಳೆಯದು, ಕಾಯಿಸುವುದು ಬೇಡ. ಅವನು ವಾಪಸು ಬರಲಿಲ್ಲ. ಮಾರನೆಯ ಬೆಳಿಗ್ಗೆ ಹಳಿಯ ಕಡೆ ಹೋದವರು ಗೋದಾಮಿನ ಬಾಗಿಲು ಹಾರುಹೊಡೆದದ್ದನ್ನು ಕಂಡರು. ಬೀಗ ಕೀಲಿಕೈ ಸಮೇತ ಕೊಂಡಿಯಲ್ಲಿ ನೇತಾಡುತ್ತಿತ್ತು. ಒಳಗಿದ್ದವರಲ್ಲಿ ಎಷ್ಟು ಜನ ಹೊಳೆ ದಾಟಿದರು, ಎಷ್ಟು ಜನರನ್ನು ಮತ್ತೆ ಹಿಡಿದು ರೈಲಿಗೆ ತುಂಬಿದರು ಅನ್ನುವುದನ್ನು ಬೀದಿಯಲ್ಲಿ ಇಬ್ಬರು ಒಂದೇ ಥರ ಹೇಳುವುದಿಲ್ಲ. ಅಧಿಕಾರಿ ಮತ್ತೊಮ್ಮೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಯಜಮಾನರ ವಿಷಯದಲ್ಲಿ ತುಂಬ ವಿಷಾದವಿದೆ ಅಂತ ಪ್ರಾರ್ಥನೆಯಮ್ಮನಿಗೆ ಹೇಳಿ ಹೋದ. ಅವಳು ಅವನನ್ನು ಕೂರಲು ಹೇಳಲಿಲ್ಲ.

ಆದರೆ ಆ ಮಧ್ಯಾಹ್ನ ಇದ್ಯಾವುದೂ ಇನ್ನೂ ಆಗಿರಲಿಲ್ಲ. ಅವನು ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ, ಅವಳು ಬಿಚ್ಚಿ ಸರಿಯಾಗಿ ಹಾಕಿದಳು. ಕೆನ್ನೆಯ ಎಣ್ಣೆಯನ್ನು ಸೆರಗಿನಿಂದ ಒರೆಸಿದಳು. ಎಣ್ಣೆಯ ಡಬ್ಬಿ, ಚೀಲದಲ್ಲಿ ನಾಲ್ಕು ಬಾಟಲಿ ನೀರು, ಒಂದಿಷ್ಟು ಬ್ರೆಡ್ಡು ಜೋಡಿಸಿಕೊಟ್ಟಳು.

‘ಪ್ರಾರ್ಥನೆ ಮಾಡ್ಲಾ?’

‘ಮಾಡು. ಅವನಿದ್ರೆ ನನ್ನ ಪರವಾಗಿ ಒಂದೆರಡು ಬೈಗುಳ ಬಾಕಿ ಇದೆ, ಅದನ್ನೂ ಸೇರಿಸು.’

‘ಅದನ್ನ ನೀವೇ ಬಂದು ಬೈಕೊಳ್ಳಿ. ಬೇಗ ಬನ್ನಿ.’

ಹೊಸ್ತಿಲಲ್ಲಿ ಅವನು ನಿಂತ. ಹೊರಗೆ ಹೋಗುವಾಗಲೆಲ್ಲ ಬಾಗಿಲೆಳೆದು ಬೀಗ ಹಾಕಿ, ಬೀಗವನ್ನು ಜಗ್ಗಿ ನೋಡಿ, ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದು ಜಗ್ಗಿ ನೋಡುವ ಅಭ್ಯಾಸ ಅವನದು. ಒಳಗೆ ಹೆಂಡತಿ ಇದ್ದಾಳೆ ಅನ್ನುವುದನ್ನು ಮರೆತು ಅವಳನ್ನು ಕೂಡಿಹಾಕಿ ಹೋದದ್ದೂ ಉಂಟು. ಇವತ್ತು ಬಾಗಿಲನ್ನು ಮುಟ್ಟಲಿಲ್ಲ. ತಿರುಗಿ ಗೋಡೆಯನ್ನೂ ಅವಳನ್ನೂ ನೋಡಿದ.

‘ಯಾರಾದ್ರೂ ಬಂದು ಯಾವುದಾದ್ರೂ ಕೀಲಿಕೈ ಕೇಳಿದ್ರೆ’ ಅಂದ, ‘ಯಾರು ನೀವು ಅಂತ ಕೇಳಬೇಡ. ಕೊಟ್ಬಿಡು.’

ಕಳ್ಳರು ಬಂದು ಕೇಳಿದರೂ ಕೊಡುವುದೇ ಅಂತ ಅವಳು ಬೇರೆ ದಿನವಾಗಿದ್ದರೆ ಕೇಳುತ್ತಿದ್ದಳು. ತಲೆಯಾಡಿಸಿದಳು.

ಅವನು ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದ. ಡೇರೆಯ ಹೆಂಗಸು ಎದ್ದು, ತಂಬಿಗೆಯ ನೀರು ತುಳುಕದಂತೆ ಎರಡೂ ಕೈಯಲ್ಲಿ ಹಿಡಿದು ಅವನ ಹಿಂದೆ ಹೊರಟಳು. ಮೇಲೆ ಹೊಲಿಗೆ ಯಂತ್ರ ನಿಂತಿತು.

‘ಏನಣ್ಣ, ಈ ಬಿಸಿಲಲ್ಲಿ ಎಲ್ಲಿಗೆ? ಇವತ್ತು ಯಾರು ಗೆದ್ರು ಹೇಳಲೇ ಇಲ್ಲ?’

ಬೀಗದಯ್ಯ ಕತ್ತೆತ್ತಿ ಅವನನ್ನು ನೋಡಿದ. ಕೈ ಎತ್ತಿದ. ಆ ಕೈಯಲ್ಲಿ ಕೀಲಿಕೈ ಇತ್ತು. ದರ್ಜಿ ಅದನ್ನು ನೋಡಿದ, ಹಿಂದೆ ಬರುತ್ತಿದ್ದ ಹೆಂಗಸನ್ನು ನೋಡಿದ, ಕಿಟಕಿಯಿಂದ ಕತ್ತು ಒಳಗೆಳೆದುಕೊಂಡ. ಯಂತ್ರದ ಸದ್ದು ಮತ್ತೆ ಕೇಳಲಿಲ್ಲ.

ಬ್ರೆಡ್ಡಿನಂಗಡಿಯ ಮೂಲೆಯವರೆಗೆ ಗಂಡನ ಬೆನ್ನು ಅವಳಿಗೆ ಕಾಣುತ್ತಿತ್ತು. ಕುಂಟುತ್ತ, ಒಂದು ಕಡೆ ವಾಲಿಕೊಂಡು ನಡೆಯುತ್ತಿದ್ದ. ಮೂಲೆಯಲ್ಲಿ ಅಭ್ಯಾಸದಂತೆ ನಿಂತು ಬಾಗಿಲು ಜಗ್ಗಿ ನೋಡಲು ವಾಪಸು ಬರುವವನ ಹಾಗೆ ಅರ್ಧ ತಿರುಗಿದ. ಬಾಗಿಲು ತೆರೆದೇ ಇದ್ದದ್ದು ಅಲ್ಲಿಂದಲೇ ಕಂಡಿರಬೇಕು. ಮುಂದೆ ನಡೆದ.